ಕೊಡಗಿಗೆ ದೂರದರ್ಶಕ ಒಯ್ಯುವವರಿಗೆ: ಸಾಗಣೆ, ಜೋಡಣೆ, ತೇವದಿಂದ ರಕ್ಷಣೆ

ಕೊಡಗಿನಲ್ಲಿ ನಕ್ಷತ್ರ ನೋಡಬೇಕೆಂದು ಹೊರಡುವವರ ಬಾಯಲ್ಲಿ ಮೊದಲು ಬರುವುದು ಬೆಟ್ಟಗಳ ಹೆಸರು: ಮಾಂದಲಪಟ್ಟಿ, ಕೋಟೆಬೆಟ್ಟ, ತಡಿಯಂಡಮೋಳ್. ಆದರೆ ಇಪ್ಪತ್ತು ಕಿಲೋ ತೂಗುವ ದೂರದರ್ಶಕವನ್ನು ಜೊತೆಗೆ ತರುವವರಿಗೆ ಬೆಟ್ಟದ ತುದಿಗಿಂತ ಕಾಫಿ ತೋಟದ ಕಣವೇ ಮೇಲು. ಬೆಟ್ಟದ ನೆತ್ತಿಯ ಗಾಳಿಗೆ ಕೊಳವೆ ನಡುಗುತ್ತಲೇ ಇರುತ್ತದೆ, ಕೊನೆಯ ಕೆಲವು ಕಿಲೋಮೀಟರುಗಳ ಜೀಪು ದಾರಿ ದರ್ಪಣಗಳ ಹೊಂದಾಣಿಕೆಯನ್ನು ಕೆಡಿಸುತ್ತದೆ, ಅರಣ್ಯ ಇಲಾಖೆಯ ವಶದಲ್ಲಿರುವ ಬೆಟ್ಟಗಳಲ್ಲಿ ಕತ್ತಲಾದ ಮೇಲೆ ಉಳಿಯಲು ಅವಕಾಶವೂ ಇಲ್ಲ. ಆದ್ದರಿಂದ ಈ ಬರಹವನ್ನು ತೋಟದ ಮನೆಯಲ್ಲೋ ಹೋಂಸ್ಟೇಯಲ್ಲೋ ಉಳಿದುಕೊಂಡು ಅಲ್ಲಿನ ಕಣದಲ್ಲಿ ದೂರದರ್ಶಕ ನಿಲ್ಲಿಸುವವರಿಗಾಗಿ ಬರೆದಿದ್ದೇನೆ. ಸಾಗಣೆಯ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಆದರೆ ಈ ಜಿಲ್ಲೆಯಲ್ಲಿ ಉಪಕರಣಕ್ಕೆ ಪೆಟ್ಟಿಗಿಂತ ಹೆಚ್ಚು ಹಾನಿ ಮಾಡುವುದು ತೇವ. ಹಾಗಾಗಿ ಕೆಳಗಿನ ಸಲಹೆಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಣ ಮತ್ತು ಕಾಲ

ಕಾಫಿ ಒಣಗಿಸಲು ಹಗಲಿಡೀ ಬಿಸಿಲು ಬೇಕಾದ್ದರಿಂದ ಕಣದ ಸುತ್ತ ಮರಗಳನ್ನು ತೆಗೆದಿರುತ್ತಾರೆ. ದಟ್ಟ ನೆರಳಿನ ತೋಟದೊಳಗೆ ಆಕಾಶ ಅಗಲವಾಗಿ ಕಾಣುವ, ನೆಲ ಗಟ್ಟಿಯಾಗಿರುವ, ವಾಹನ ಪಕ್ಕದವರೆಗೂ ಬರುವ ಜಾಗ ಸಾಮಾನ್ಯವಾಗಿ ಅದೊಂದೇ. ತೊಡಕೆಂದರೆ, ಆಕಾಶ ತಿಳಿಯಾಗಿರುವ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳೇ ಕೊಯ್ಲಿನ ತಿಂಗಳುಗಳೂ ಹೌದು; ಮೊದಲು ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ ಕಣಕ್ಕೆ ಬರುತ್ತದೆ. ಸಂಜೆಯಾದೊಡನೆ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುವುದರಿಂದ ರಾತ್ರಿ ಕಣದ ಒಂದು ಮೂಲೆ ಬಿಡುವಾಗಿ ಸಿಗುವುದುಂಟು. ಆದರೆ ಆ ಮೂಲೆ ಯಾವುದೆಂದು ತೋಟದ ಮಾಲೀಕರನ್ನೋ ರೈಟರನ್ನೋ (ತೋಟದ ಲೆಕ್ಕ ಮತ್ತು ಕೆಲಸ ನೋಡಿಕೊಳ್ಳುವವರನ್ನು) ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಕೊಯ್ಲಿನ ದಿನಗಳಲ್ಲಿ ಕಾಫಿ ಕಳವಿನ ಭಯದಿಂದ ಕಣಕ್ಕೆ ಕಾವಲಿರುತ್ತದೆ. ಮಧ್ಯರಾತ್ರಿ ಕೆಂಪು ಟಾರ್ಚು ಹಿಡಿದು ಓಡಾಡುವ ಅಪರಿಚಿತರು ಯಾರೆಂದು ಕಾವಲಿನವರಿಗೂ ಕೆಲಸದವರು ವಾಸಿಸುವ ಲೈನ್ ಮನೆಗಳವರಿಗೂ ತಿಳಿದಿದ್ದರೆ ಎಲ್ಲರಿಗೂ ನೆಮ್ಮದಿ. ಹರಡಿದ ಕಾಫಿಯ ಮೇಲೆ ಕಾಲಿಡಬಾರದೆಂದು ಜೊತೆಗೆ ಬರುವ ಮಕ್ಕಳಿಗೂ ಹೇಳಿಡಬೇಕು.

ಸಿಮೆಂಟಿನ ಕಣಕ್ಕೆ ಇನ್ನೊಂದು ಗುಣವಿದೆ. ಹಗಲು ಹೀರಿದ ಶಾಖವನ್ನು ಅದು ಕತ್ತಲಾದ ಮೇಲೂ ಎರಡು ಗಂಟೆಗಳ ಕಾಲ ಹೊರಬಿಡುತ್ತಿರುತ್ತದೆ, ಆ ಬಿಸಿಗಾಳಿಯ ಮೂಲಕ ನೋಡಿದರೆ ಗುರುಗ್ರಹದ ಪಟ್ಟಿಗಳೂ ಶನಿಯ ಉಂಗುರವೂ ನಡುಗುತ್ತವೆ. ಆದ್ದರಿಂದ ದೂರದರ್ಶಕವನ್ನು ಕಣದ ನಟ್ಟನಡುವೆ ನಿಲ್ಲಿಸದೆ, ಹುಲ್ಲಿನ ಅಂಚಿಗೆ ತಾಗಿದ ಕಡೆ ನಿಲ್ಲಿಸಿ, ಸಂಜೆಯ ಮೊದಲ ಹೊತ್ತನ್ನು ಕಡಿಮೆ ವರ್ಧನೆಯಲ್ಲಿ ನಕ್ಷತ್ರಗುಚ್ಛಗಳನ್ನು ನೋಡಲು ಬಳಸಿಕೊಂಡು, ಗ್ರಹಗಳನ್ನು ಹತ್ತು ಗಂಟೆಯ ಅನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಗದ್ದೆ ಬಯಲಿನ ಅಂಚಿನಲ್ಲಿರುವ ಮನೆಗಳು ನೋಡಲು ಬಲು ಚೆಂದ, ದೂರದರ್ಶಕಕ್ಕೆ ಮಾತ್ರ ಒಗ್ಗುವುದಿಲ್ಲ. ರಾತ್ರಿ ತಂಪಾದ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ಗದ್ದೆಯಲ್ಲಿ ತಂಗುತ್ತದೆ, ಮಂಜು ಮೊದಲು ಕಟ್ಟುವುದೂ ಅಲ್ಲಿಯೇ. ಗದ್ದೆಗಿಂತ ನಲವತ್ತು ಐವತ್ತು ಅಡಿ ಎತ್ತರದಲ್ಲಿರುವ ಕಣದಲ್ಲಿ ಅದೇ ರಾತ್ರಿ ಇನ್ನೆರಡು ಗಂಟೆ ಹೆಚ್ಚು ಆಕಾಶ ಸಿಗಬಹುದು. ಭಾಗಮಂಡಲದ ಕಡೆಗಿಂತ ಸೋಮವಾರಪೇಟೆ ಮತ್ತು ಕುಶಾಲನಗರದ ಪೂರ್ವ ಭಾಗಗಳಲ್ಲಿ ಮಳೆಯೂ ಮಂಜೂ ಕಡಿಮೆ. ಆದರೆ ಪಟ್ಟಣದ ದೀಪಗಳಿಂದ ಒಂದಷ್ಟು ದೂರ ಸರಿದು ನಿಲ್ಲಬೇಕಾಗುತ್ತದೆ.

ದಿನ ಗೊತ್ತುಮಾಡಲು ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆಯ ಹಿಂದಿನ ನಾಲ್ಕೈದು ದಿನ ಮತ್ತು ಮುಂದಿನ ಎರಡು ಮೂರು ದಿನ ಅತ್ಯುತ್ತಮ. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ಮೂಡುವುದು ನಡುರಾತ್ರಿಯ ಸುಮಾರಿಗಾದ್ದರಿಂದ ಆ ದಿನಗಳ ಸಂಜೆಯೂ ಬಳಕೆಗೆ ಬರುತ್ತದೆ. ಪುತ್ತರಿಗೆಂದು ಊರಿಗೆ ಬರುವವರು ದೂರದರ್ಶಕವನ್ನೂ ತರುವ ಆಸೆ ಪಡುತ್ತಾರೆ, ಆದರೆ ರೋಹಿಣಿ ನಕ್ಷತ್ರ ಮತ್ತು ಹುಣ್ಣಿಮೆ ನೋಡಿ ಇಡುವ ಆ ಹಬ್ಬದಲ್ಲಿ ಚಂದ್ರನ ಬೆಳಕು ಬೇರೆಲ್ಲವನ್ನೂ ನುಂಗಿರುತ್ತದೆ. ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಬರುವವರು ಇನ್ನೊಂದು ವಿಷಯ ವಿಚಾರಿಸಬೇಕು: ರೊಬಸ್ಟಾ ತೋಟಗಳಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವ ಕಾಲ ಅದು, ರಾತ್ರಿಯೂ ಪಂಪು ಓಡುತ್ತದೆ. ಪಕ್ಕದ ಪಟ್ಟೆಯಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ ಹನಿ ನೇರವಾಗಿ ಬೀಳದಿದ್ದರೂ ಗಾಳಿಯ ತೇವ ಗಾಜಿನ ಮೇಲೆ ಕೂರುತ್ತದೆ.

ಯಾವ ದೂರದರ್ಶಕ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಬಹುತೇಕರು ತಮ್ಮಲ್ಲಿರುವುದನ್ನೇ ತರುತ್ತಾರೆ. ಕೊಡಗಿಗೆ ರೈಲಿಲ್ಲ, ಮೈಸೂರಿನವರೆಗೆ ರೈಲಿನಲ್ಲಿ ಬಂದು ಬಸ್ಸು ಹಿಡಿಯುವವರಿಗೆ 80 ಮಿಲಿಮೀಟರಿನ ಚಿಕ್ಕ ಮಸೂರ ದೂರದರ್ಶಕ ಅಥವಾ 127 ಮಿಲಿಮೀಟರಿನ ಮ್ಯಾಕ್ಸುಟೋವ್ (ಮುಂದೆ ಗಾಜು, ಹಿಂದೆ ದರ್ಪಣವಿರುವ ಗಿಡ್ಡ ದೂರದರ್ಶಕ) ತಕ್ಕದ್ದು, ಇವೆರಡೂ ಬೆನ್ನುಚೀಲದಲ್ಲಿ ಕೂರುತ್ತವೆ. ಸ್ವಂತ ಕಾರಿದ್ದವರಿಗೆ, ನೆಲದ ಮೇಲಿನ ಸರಳ ಪೀಠದಲ್ಲಿ ಕೂರುವ ದರ್ಪಣ ದೂರದರ್ಶಕವಾದ 200 ಮಿಲಿಮೀಟರಿನ ಡಾಬ್ಸೋನಿಯನ್‌ಗಿಂತ ಒಳ್ಳೆಯ ಸಂಗಾತಿ ಇಲ್ಲವೆಂಬುದು ನನ್ನ ಅಭಿಪ್ರಾಯ. ವಿದ್ಯುತ್ತು ಬೇಡ, ಧ್ರುವಾಕ್ಷ ಹೊಂದಿಸುವ ತಾಪತ್ರಯವಿಲ್ಲ, ಒಬ್ಬರೇ ಎರಡು ಸರತಿಯಲ್ಲಿ ಹೊತ್ತು ತಂದು ನಿಲ್ಲಿಸಬಹುದು. ಅದರ ಕೊಳವೆ ಸುಮಾರು 120 ಸೆಂಟಿಮೀಟರು ಉದ್ದವಿರುತ್ತದೆ. ಸಣ್ಣ ಕಾರಿನ ಹಿಂದಿನ ಸೀಟಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಕೊಳ್ಳುವ ಮೊದಲು ಟೇಪು ಹಿಡಿದು ಬಾಗಿಲಿನಿಂದ ಬಾಗಿಲಿಗೆ ಅಳೆಯಬೇಕು. ಛಾಯಾಚಿತ್ರ ತೆಗೆಯುವ ಉದ್ದೇಶವಿದ್ದರೆ ಮಾತ್ರ ಈಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಪೀಠ) ತರಬೇಕು.

ಕಟ್ಟುವುದು ಮತ್ತು ಘಾಟಿ ದಾರಿ

ಕೊಳವೆಯನ್ನು ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಮಲಗಿಸಿ, ಕೆಳಗೆ ದಪ್ಪ ರಜಾಯಿ ಹಾಸಿ, ಎರಡೂ ಸೀಟ್ ಬೆಲ್ಟುಗಳನ್ನು ಸುತ್ತಿ ಬಿಗಿಯಬೇಕು. ಸೀಟಿನ ಸ್ಪಂಜು ರಸ್ತೆಯ ಅದುರುವಿಕೆಯನ್ನು ಹೀರಿಕೊಳ್ಳುವಷ್ಟು ಡಿಕ್ಕಿಯ ನೆಲ ಹೀರಿಕೊಳ್ಳುವುದಿಲ್ಲ. ಗೋಣಿಚೀಲವನ್ನು ಮಾತ್ರ ಮೆತ್ತೆಯಾಗಿ ಬಳಸಬಾರದು. ಅದರ ನಾರು ಮತ್ತು ಧೂಳು ಕೊಳವೆಯೊಳಗೆ ಸೇರಿ ದರ್ಪಣದ ಮೇಲೆ ಕೂರುತ್ತವೆ. ಡಾಬ್ಸೋನಿಯನ್‌ನ ಪೀಠ ಡಿಕ್ಕಿಯಲ್ಲಿ ಹೋಗಲಿ. ಈಕ್ವಟೋರಿಯಲ್ ಮೌಂಟಿನ ಸಮತೂಕದ ಗುಂಡುಗಳನ್ನು ಮುಂದಿನ ಸೀಟಿನ ಹಿಂದೆ ನೆಲದ ಮೇಲೆ, ಬಟ್ಟೆಯಲ್ಲಿ ಸುತ್ತಿ ಇಡಬೇಕು. ಐದು ಕಿಲೋದ ಕಬ್ಬಿಣದ ಗುಂಡು ಜೋರಾಗಿ ಬ್ರೇಕು ಹಾಕಿದಾಗ ಮುನ್ನುಗ್ಗಿದರೆ ಗಾಜಿಗಷ್ಟೇ ಅಲ್ಲ, ಮನುಷ್ಯರಿಗೂ ಅಪಾಯ. ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಮೇಲಿರುವ ಪುಟ್ಟ ದೂರದರ್ಶಕವನ್ನು) ಕಳಚಿ ಬೇರೆ ಡಬ್ಬಿಯಲ್ಲಿ ಇಡುವುದು, ಐಪೀಸುಗಳ (ಕಣ್ಣಿಟ್ಟು ನೋಡುವ ಮಸೂರಗಳ) ಪೆಟ್ಟಿಗೆಯನ್ನು ಸಹಪ್ರಯಾಣಿಕರ ತೊಡೆಯ ಮೇಲೆ ಕೊಡುವುದು ಉತ್ತಮ.

ಹೊರಡುವ ಮುನ್ನ ಮುಖ್ಯ ದರ್ಪಣದ ಹಿಂಬದಿಯ ಲಾಕ್ ಸ್ಕ್ರೂಗಳನ್ನು ಹಿತವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ದರ್ಪಣವೇ ಸೆಳೆತಕ್ಕೆ ಸಿಕ್ಕಿ ನಕ್ಷತ್ರದ ಬಿಂದು ಮೂರು ಮೂಲೆಯಾಗಿ ಕಾಣುತ್ತದೆ. ಐಪೀಸು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಸಣ್ಣ ವಸ್ತುಗಳ ಪಟ್ಟಿಯೊಂದನ್ನು ಅಂಟಿಸಿಡುವುದು ಒಳ್ಳೆಯ ಅಭ್ಯಾಸ: ಅಲೆನ್ ಕೀ, ಸ್ಕ್ರೂಡ್ರೈವರ್, ಕಾಲಿಮೇಷನ್ ಕ್ಯಾಪು (ದರ್ಪಣಗಳನ್ನು ಹೊಂದಿಸಲು ಬಳಸುವ ರಂಧ್ರದ ಮುಚ್ಚಳ), ಫೈಂಡರಿನ ಗುಂಡಿ ಬ್ಯಾಟರಿ, ಸಮತೂಕದ ಸರಳಿನ ಬೋಲ್ಟು. ದೊಡ್ಡ ವಸ್ತುವನ್ನು ಯಾರೂ ಮರೆಯುವುದಿಲ್ಲ. ಇವುಗಳಲ್ಲಿ ಒಂದಿಲ್ಲದಿದ್ದರೆ ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ರಾತ್ರಿ ಎಂಟು ಗಂಟೆಗೆ ಅದನ್ನು ಹುಡುಕುವುದು ಸುಲಭವಲ್ಲ.

ಮೈಸೂರಿನಿಂದ ಹುಣಸೂರು ದಾಟಿ ಕುಶಾಲನಗರದವರೆಗೆ ರಸ್ತೆ ನೇರ. ಅಲ್ಲಿಂದ ಮಡಿಕೇರಿಗೆ ಮೂವತ್ತು ಕಿಲೋಮೀಟರಿನೊಳಗೆ ಮುನ್ನೂರು ಮೀಟರಿಗೂ ಹೆಚ್ಚು ಏರಬೇಕು, ತಿರುವಿನಲ್ಲಿ ಸಡಿಲವಾಗಿ ಕಟ್ಟಿದ್ದೆಲ್ಲ ಒಂದು ಬದಿಗೆ ಸರಿಯುತ್ತದೆ. ಮಂಗಳೂರಿನ ಕಡೆಯಿಂದ ಸಂಪಾಜೆ ಘಾಟಿ ಹತ್ತುವವರಿಗೆ ತಿರುವುಗಳು ಇನ್ನೂ ಹೆಚ್ಚು. ಆದರೂ ದರ್ಪಣವನ್ನು ನಿಜವಾಗಿ ಅಲುಗಿಸುವುದು ಹೆದ್ದಾರಿಯಲ್ಲ, ತೋಟದ ಗೇಟಿನಿಂದ ಮನೆಯವರೆಗಿನ ಕಲ್ಲು ದಾರಿ. ಅಲ್ಲಿ ಮೊದಲ ಗೇರಿನಲ್ಲೇ ಬರಬೇಕು. ಸಂಜೆಯ ಮುಂಚೆ ತಲುಪುವಂತೆ ಹೊರಡಬೇಕೆಂಬುದಕ್ಕೆ ದಾರಿಯೂ ಒಂದು ಕಾರಣ: ನಾಗರಹೊಳೆ ಕಾಡಿನೊಳಗೆ ಹಾದುಹೋಗುವ ರಸ್ತೆಗಳಿಗೆ ರಾತ್ರಿ ಸಂಚಾರದ ನಿರ್ಬಂಧವಿದೆ.

ಬೆಳಕಿರುವಾಗಲೇ ಮುಗಿಸಬೇಕಾದ ಕೆಲಸ

ತಲುಪಿದೊಡನೆ ಕಾರಿನಿಂದ ದೂರದರ್ಶಕವನ್ನು ಇಳಿಸಿ ನೆರಳಿನಲ್ಲಿಡಬೇಕು. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವು ದರ್ಪಣದ ಗಾಜಿಗೆ ಇಳಿದಿರುತ್ತದೆ. ಮಡಿಕೇರಿಯಲ್ಲಿ ಜನವರಿಯ ಹಗಲು 25 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದದ್ದು ಬೆಳಗಿನ ಜಾವಕ್ಕೆ 14ರ ಸುಮಾರಿಗೆ ಇಳಿಯುತ್ತದೆ, ಗಾಜು ಆ ತಂಪಿಗೆ ಹೊಂದಿಕೊಳ್ಳುವವರೆಗೆ ಬಿಂಬ ನಿಲ್ಲುವುದಿಲ್ಲ. 200 ಮಿಲಿಮೀಟರಿನ ದರ್ಪಣಕ್ಕೆ ಒಂದು ಗಂಟೆಯಾದರೂ ಬೇಕು. ಎರಡೂ ಬದಿ ಮುಚ್ಚಿದ ಮ್ಯಾಕ್ಸುಟೋವ್‌ಗೆ ಗಾತ್ರ ಚಿಕ್ಕದಾದರೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ನೀರು ಹರಿದುಹೋಗಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಕಣ್ಣಿಗೆ ಅದು ತಿಳಿಯುವುದಿಲ್ಲ. ಗಾರೆ ಕೆಲಸದವರ ರಸಮಟ್ಟವನ್ನು ಪೀಠದ ಮೇಲೆ ಎರಡು ದಿಕ್ಕಿನಲ್ಲಿ ಇಟ್ಟು ನೋಡಿ, ತಗ್ಗಿದ ಕಡೆ ಪ್ಲೈವುಡ್ಡಿನ ತುಂಡು ಕೊಡಬೇಕು. ಮಣ್ಣಿನ ಕಣದಲ್ಲಿ, ಅದರಲ್ಲೂ ಮಾರ್ಚ್ ಮತ್ತು ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ, ಟ್ರೈಪಾಡಿನ ಮೂರೂ ಕಾಲಿಗೆ ಅಗಲವಾದ ಹಲಗೆ ತುಂಡು ಇಡದಿದ್ದರೆ ರಾತ್ರಿಯೆಲ್ಲ ಅದು ನಿಧಾನವಾಗಿ ಕುಸಿಯುತ್ತಿರುತ್ತದೆ. ಟ್ರೈಪಾಡಿನ ಕಾಲುಗಳನ್ನು ಎಷ್ಟು ಕಡಿಮೆ ಎಳೆದರೆ ಅಷ್ಟು ಗಟ್ಟಿ; ಕುರ್ಚಿ ಹಾಕಿಕೊಂಡು ಕೂತು ನೋಡುವ ಎತ್ತರ ಸಾಕು. ಈಕ್ವಟೋರಿಯಲ್ ಮೌಂಟಿನಲ್ಲಿ ಮೊದಲು ಸಮತೂಕದ ಗುಂಡು, ಆಮೇಲೆ ಕೊಳವೆ. ಬಿಚ್ಚುವಾಗ ಮೊದಲು ಕೊಳವೆ, ಆಮೇಲೆ ಗುಂಡು. ಈ ಕ್ರಮ ತಪ್ಪಿದರೆ ಕ್ಲಚ್ಚು ಸಡಿಲಿಸಿದ ಗಳಿಗೆಯಲ್ಲಿ ಭಾರವಾದ ಬದಿ ಧಡಾರನೆ ತಿರುಗಿ ಟ್ರೈಪಾಡಿಗೆ ಹೊಡೆಯುತ್ತದೆ.

ಫೈಂಡರನ್ನು ಹೊಂದಿಸಲು ಹಗಲೇ ಒಳ್ಳೆಯ ಸಮಯ. ಕಡಿಮೆ ಪಕ್ಷ ಒಂದು ಕಿಲೋಮೀಟರ್ ದೂರದ ಮೊಬೈಲ್ ಟವರಿನ ತುದಿಯನ್ನೋ ಎದುರು ಗುಡ್ಡದ ಒಂಟಿ ಮರವನ್ನೋ ದೊಡ್ಡ ಕೊಳವೆಯಲ್ಲಿ ಹಿಡಿದು, ಫೈಂಡರಿನ ಗೆರೆಗಳ ನಡುವೆ ಅದನ್ನೇ ತರಬೇಕು. ಸೂರ್ಯನಿರುವ ದಿಕ್ಕಿಗೆ ಕೊಳವೆಯನ್ನು ತಿರುಗಿಸಲೇಬಾರದು. ಸರಿಯಾದ ಸೌರ ಫಿಲ್ಟರಿಲ್ಲದೆ ಕ್ಷಣಮಾತ್ರ ನೋಡಿದರೂ ಕಣ್ಣು ಶಾಶ್ವತವಾಗಿ ಹೋಗಬಹುದು, ಫೈಂಡರೂ ಇದಕ್ಕೆ ಹೊರತಲ್ಲ. ಕೆಲಸ ಮುಗಿದೊಡನೆ ಎರಡಕ್ಕೂ ಮುಚ್ಚಳ ಹಾಕಿ, ಸೂರ್ಯ ಮುಳುಗುವವರೆಗೆ ಬಿಳಿ ಬಟ್ಟೆ ಹೊದಿಸಿಡಬೇಕು.

ದರ್ಪಣಗಳ ಹೊಂದಾಣಿಕೆಯನ್ನು, ಎಂದರೆ ಕಾಲಿಮೇಷನ್ನನ್ನು, ಈ ದಾರಿಯಲ್ಲಿ ಬಂದ ಮೇಲೆ ಪ್ರತಿ ಸಲವೂ ನೋಡಲೇಬೇಕು. ಕೊಳವೆಯನ್ನು ಹೆಚ್ಚುಕಡಿಮೆ ಮಲಗಿಸಿದ ಸ್ಥಿತಿಯಲ್ಲೇ ಈ ಕೆಲಸ ಮಾಡಬೇಕು; ನಿಲ್ಲಿಸಿ ಮಾಡಿದರೆ ಕೈಜಾರಿದ ಅಲೆನ್ ಕೀ ನೇರವಾಗಿ ಮುಖ್ಯ ದರ್ಪಣದ ಮೇಲೆ ಬೀಳುತ್ತದೆ. ಐಪೀಸಿನ ಜಾಗದಲ್ಲಿ ಕಾಲಿಮೇಷನ್ ಕ್ಯಾಪು ಹಾಕಿ ಅದರ ಸಣ್ಣ ರಂಧ್ರದ ಮೂಲಕ ನೋಡಿದರೆ ಓರೆಯಾಗಿ ಕೂತ ಚಿಕ್ಕ ದರ್ಪಣ ದುಂಡಗೆ ಕಾಣಬೇಕು. ಅದರೊಳಗೆ ಮುಖ್ಯ ದರ್ಪಣದ ಮೂರು ಕ್ಲಿಪ್ಪುಗಳೂ ಸಮನಾಗಿ ಕಾಣುವವರೆಗೆ ಚಿಕ್ಕ ದರ್ಪಣದ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ ಹೋಗಬೇಕು. ಅನಂತರ ಹಿಂಬದಿಗೆ ಬಂದು, ಲಾಕ್ ಸ್ಕ್ರೂ ಸಡಿಲಿಸಿ, ಮುಖ್ಯ ದರ್ಪಣದ ನಡುವಿನ ಉಂಗುರದ ಗುರುತು ರಂಧ್ರದ ಪ್ರತಿಬಿಂಬದ ಸುತ್ತ ಸರಿಯಾಗಿ ಕೂರುವಂತೆ ಹೊಂದಿಸಬೇಕು. ಇಬ್ಬರಿದ್ದರೆ ಒಬ್ಬರು ನೋಡಿ ಹೇಳುತ್ತ, ಇನ್ನೊಬ್ಬರು ಸ್ಕ್ರೂ ತಿರುಗಿಸಿದರೆ ಐದು ನಿಮಿಷದ ಕೆಲಸ. ಲೇಸರ್ ಉಪಕರಣ ಬಳಸುವವರು ಅದನ್ನು ಫೋಕಸರಿನಲ್ಲೇ (ಐಪೀಸು ಕೂರುವ ಜಾಗದಲ್ಲೇ) ಒಂದು ಸುತ್ತು ತಿರುಗಿಸಿ, ಕೆಂಪು ಚುಕ್ಕೆ ಇದ್ದಲ್ಲೇ ನಿಲ್ಲುತ್ತದೆಯೇ ಎಂದು ಮೊದಲು ನೋಡಲಿ. ಚುಕ್ಕೆಯೂ ಸುತ್ತು ಹೊಡೆದರೆ ಹೊಂದಿಸಬೇಕಾದದ್ದು ಲೇಸರನ್ನೇ. ಕೊನೆಯ ತೀರ್ಮಾನ ನಕ್ಷತ್ರದ್ದು. ಕತ್ತಲಾದ ಮೇಲೆ ಎತ್ತರದಲ್ಲಿರುವ ಒಂದು ಪ್ರಕಾಶಮಾನ ನಕ್ಷತ್ರವನ್ನು ಹೆಚ್ಚು ವರ್ಧನೆಯಲ್ಲಿ ಹಿಡಿದು ಫೋಕಸನ್ನು ಸ್ವಲ್ಪ ತಪ್ಪಿಸಿದರೆ ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಎಲ್ಲ ಉಂಗುರಗಳಿಗೂ ನಡುಬಿಂದು ಒಂದೇ ಆಗಿದ್ದರೆ ಸರಿ, ಒಂದು ಬದಿಗೆ ಒತ್ತಿದಂತಿದ್ದರೆ ಮುಖ್ಯ ದರ್ಪಣವನ್ನು ಇನ್ನಷ್ಟು ತಿದ್ದಬೇಕು.

ಧ್ರುವ ನಕ್ಷತ್ರ ಕಾಣದ ಕಡೆ ಧ್ರುವಾಕ್ಷ ಹೊಂದಿಸುವುದು

ಡಾಬ್ಸೋನಿಯನ್ ತಂದವರು ಈ ಭಾಗವನ್ನು ಬಿಟ್ಟುಬಿಡಬಹುದು. ಧ್ರುವಾಕ್ಷ ಹೊಂದಿಸುವುದೆಂದರೆ ಈಕ್ವಟೋರಿಯಲ್ ಮೌಂಟಿನ ಅಕ್ಷವನ್ನು ಆಕಾಶದ ಉತ್ತರ ಧ್ರುವಕ್ಕೆ ಗುರಿ ಮಾಡುವುದು. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ ಉತ್ತರ. ಎಂದರೆ ಆಕಾಶದ ಉತ್ತರ ಧ್ರುವ ದಿಗಂತದಿಂದ ಹನ್ನೆರಡೂವರೆ ಡಿಗ್ರಿಯಷ್ಟೂ ಎತ್ತರದಲ್ಲಿಲ್ಲ. ಇಪ್ಪತ್ತು ಮೀಟರ್ ಎತ್ತರದ ಸಿಲ್ವರ್ ಓಕ್ ಮರದ ಮೇಲಿನಿಂದ ಅದು ಕಾಣಬೇಕಾದರೆ ಮರ ನಮ್ಮಿಂದ ತೊಂಬತ್ತು ಮೀಟರಿಗಿಂತ ದೂರವಿರಬೇಕು; ಅಷ್ಟು ವಿಶಾಲವಾದ ಕಣ ಅಪರೂಪ. ಇನ್ನು ಗುಡ್ಡ ಅಡ್ಡವಿದ್ದರೆ ಮಾತೇ ಇಲ್ಲ.

ತೊಂದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಹೊರದೇಶಗಳ ಅಕ್ಷಾಂಶಗಳನ್ನು ಗಮನದಲ್ಲಿಟ್ಟು ಮಾಡಿದ ಕೆಲವು ಮೌಂಟುಗಳ ಎತ್ತರದ ಸ್ಕ್ರೂ ಇಷ್ಟು ಕೆಳಗೆ ಇಳಿಯುವುದೇ ಇಲ್ಲ, ಇಳಿದರೂ ಸಮತೂಕದ ಸರಳು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಇದನ್ನು ಮನೆಯಲ್ಲೇ, ಹಗಲಿನಲ್ಲಿ, ಮೌಂಟನ್ನು 12 ಡಿಗ್ರಿಗೆ ಇಳಿಸಿ ಪೂರ್ತಿ ಒಂದು ಸುತ್ತು ತಿರುಗಿಸಿ ಪರೀಕ್ಷಿಸಬೇಕು. ತಾಗುವಂತಿದ್ದರೆ ಟ್ರೈಪಾಡನ್ನು ಅರವತ್ತು ಡಿಗ್ರಿ ತಿರುಗಿಸಿ ನಿಲ್ಲಿಸುವುದರಿಂದ ಕೆಲವೊಮ್ಮೆ ಸರಿಹೋಗುತ್ತದೆ. ಇಲ್ಲವಾದರೆ ಮೌಂಟಿನ ಕೆಳಗೆ ಎತ್ತರಿಸುವ ಕೊಳವೆಯೊಂದನ್ನು ಸೇರಿಸಬೇಕಾಗುತ್ತದೆ.

ಕಣದಲ್ಲಿ ಮೊದಲು ದಿಕ್ಸೂಚಿಯಿಂದ ಉತ್ತರ ದಿಕ್ಕನ್ನು ಗುರುತಿಸಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬೇಕು. ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಈ ಭಾಗದಲ್ಲಿ ವ್ಯತ್ಯಾಸ ಅಲ್ಪ. ಆದರೆ ಕಾರು, ಕಬ್ಬಿಣದ ಗುಂಡು, ಮೌಂಟು ಇವುಗಳಿಂದ ಹತ್ತು ಹೆಜ್ಜೆ ದೂರ ನಿಂತು ನೋಡದಿದ್ದರೆ ಮುಳ್ಳು ದಾರಿ ತಪ್ಪಿಸುತ್ತದೆ. ಕಣ್ಣಿಂದ ನೋಡುವವರಿಗೆ ಇಷ್ಟೇ ಸಾಕು. ಛಾಯಾಚಿತ್ರಕ್ಕೆ ನಕ್ಷತ್ರಗಳ ಸರಿಯುವಿಕೆಯನ್ನು ನೋಡಿಯೇ ತಿದ್ದಬೇಕಾಗುತ್ತದೆ. ಮೋಟಾರು ಓಡುತ್ತಿರುವಾಗ, ಮೊದಲು ನಡುನೆತ್ತಿಯ ರೇಖೆಗೆ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ರೇಖೆಗೆ) ಬಂದಿರುವ, ಆಕಾಶದ ವಿಷುವದ್ವೃತ್ತಕ್ಕೆ ಹತ್ತಿರವಿರುವ ನಕ್ಷತ್ರವೊಂದನ್ನು ಅಡ್ಡಗೆರೆಯುಳ್ಳ ಐಪೀಸಿನಲ್ಲಿ ಹಿಡಿದು ಐದು ನಿಮಿಷ ಕಾಯಬೇಕು. ಅದು ದಕ್ಷಿಣಕ್ಕೆ ಸರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ ವಾಲಿದೆ ಎಂದು ತಿಳಿದು ತಿದ್ದಬೇಕು. ಆಮೇಲೆ ಪೂರ್ವದಲ್ಲಿ ಇಪ್ಪತ್ತೈದು ಮೂವತ್ತು ಡಿಗ್ರಿ ಎತ್ತರದ ನಕ್ಷತ್ರ ಹಿಡಿಯಬೇಕು. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ ಎಂದರ್ಥ. ಫೆಬ್ರುವರಿ ಮಧ್ಯದಲ್ಲಿ ಬರುವವರಿಗೆ ಇದು ಅನುಕೂಲ: ರಾತ್ರಿ ಎಂಟೂವರೆಯ ಸುಮಾರಿಗೆ ಮಹಾವ್ಯಾಧನ (ಓರಿಯನ್) ನಡುಪಟ್ಟಿಯ ಮೇಲಿನ ತುದಿಯ ನಕ್ಷತ್ರ ಮೊದಲ ಕೆಲಸಕ್ಕೆ ಸರಿಯಾಗಿ ನೆತ್ತಿಗೆ ಬಂದಿರುತ್ತದೆ, ಹೈಡ್ರಾ ಮಂಡಲದ ಆಲ್ಫಾರ್ಡ್ ಎರಡನೆಯದಕ್ಕೆ ಪೂರ್ವದಲ್ಲಿ ಕಾದಿರುತ್ತದೆ.

ಉತ್ತರ ಮುಚ್ಚಿದ್ದರೂ ದಕ್ಷಿಣ ತೆರೆದಿರುವ ಕಣವನ್ನೇ ಆರಿಸಿಕೊಳ್ಳಬೇಕೆಂದು ನಾನು ಹೇಳುತ್ತೇನೆ. ಕಾವೇರಿಯ ಕಥೆಯಿಂದ ಇಲ್ಲಿ ಎಲ್ಲರಿಗೂ ಪರಿಚಿತನಾದ ಅಗಸ್ತ್ಯನ ಹೆಸರಿನ ನಕ್ಷತ್ರ ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಬರುತ್ತದೆ. ಒಮೆಗಾ ಸೆಂಟಾರಿ ಎಂಬ ಮಹಾ ಗೋಳಗುಚ್ಛ ಇಲ್ಲಿಂದ 30 ಡಿಗ್ರಿ ಎತ್ತರದವರೆಗೆ ಏರುತ್ತದೆ. ಫೆಬ್ರುವರಿ ಮಧ್ಯದಲ್ಲಿ ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿಯ ಹೊತ್ತಿಗೆ ಅದನ್ನು ನೋಡಬಹುದು. ತ್ರಿಶಂಕುವಿನ (ಸದರ್ನ್ ಕ್ರಾಸ್) ಕೆಳತುದಿಯ ನಕ್ಷತ್ರಕ್ಕೆ ಸಿಗುವ ಎತ್ತರ 14 ಡಿಗ್ರಿಯಷ್ಟೇ. ಯುರೋಪಿನ ಬಹುಭಾಗದ ಹವ್ಯಾಸಿಗಳಿಗೆ ಎಂದೂ ಕಾಣದ ಆಕಾಶ ಇದು. ದಕ್ಷಿಣಕ್ಕೆ ಒಂದು ಸಾಲು ಮರ ಅಡ್ಡ ನಿಂತರೆ ನಮಗೂ ಕಾಣುವುದಿಲ್ಲ.

ಇಬ್ಬನಿ

ತಿಳಿ ಆಕಾಶದ ಕೆಳಗೆ ತೆರೆದಿಟ್ಟ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ಕೊಡಗಿನ ಗಾಳಿಯಲ್ಲಿ ತೇವ ತುಂಬಿರುವುದರಿಂದ ಅಷ್ಟು ವ್ಯತ್ಯಾಸ ಸಾಕು, ನೀರು ಅದರ ಮೇಲೆ ಕೂರುತ್ತದೆ. ಮೊದಲು ಮಸುಕಾಗುವುದು ಫೈಂಡರಿನ ಗಾಜು, ಆಮೇಲೆ ಮಸೂರ ಅಥವಾ ಮ್ಯಾಕ್ಸುಟೋವ್‌ನ ಮುಂಗಾಜು, ಆಮೇಲೆ ಹೊರಗಿಟ್ಟ ಐಪೀಸುಗಳು. ಡಾಬ್ಸೋನಿಯನ್‌ನ ಮುಖ್ಯ ದರ್ಪಣ ಕೊಳವೆಯ ತಳದಲ್ಲಿರುವುದರಿಂದ ಬಹಳ ಹೊತ್ತು ಒಣಗಿರುತ್ತದೆ, ಬಾಯಿಯ ಹತ್ತಿರದ ಚಿಕ್ಕ ದರ್ಪಣಕ್ಕೆ ಮಾತ್ರ ಆ ಅನುಕೂಲವಿಲ್ಲ. ನಕ್ಷತ್ರಗಳ ಸುತ್ತ ಮೃದುವಾದ ಪ್ರಭೆ ಮೂಡಿ ಮಂಕಾದವು ಒಂದೊಂದಾಗಿ ಮಾಯವಾಗತೊಡಗಿದರೆ ಕಣ್ಣನ್ನೋ ಫೋಕಸನ್ನೋ ಅನುಮಾನಿಸುವ ಮೊದಲು ಕೆಂಪು ಟಾರ್ಚನ್ನು ಓರೆಯಾಗಿ ಹಿಡಿದು ಗಾಜನ್ನು ನೋಡಬೇಕು.

ಅತ್ಯಂತ ಅಗ್ಗದ ಮತ್ತು ಅತ್ಯಂತ ಉಪಯುಕ್ತ ಉಪಾಯವೆಂದರೆ ಕೊಳವೆಯ ಬಾಯಿಗೆ ಕಪ್ಪು ಫೋಮಿನ ಹೊರಕವಚ ಸುತ್ತುವುದು. ಯೋಗ ಮ್ಯಾಟಿನ ತುಂಡಿಗೆ ವೆಲ್ಕ್ರೋ ಹೊಲಿಸಿಕೊಂಡರೆ ಆಯಿತು. ಅದರ ಉದ್ದ ಕೊಳವೆಯ ವ್ಯಾಸದ ಒಂದೂವರೆ ಪಟ್ಟಾದರೂ ಇರಬೇಕು. ಡ್ರಾಯಿಂಗ್ ಹಾಳೆಯಿಂದ ಮಾಡಿದ ಕವಚ ಇಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಒದ್ದೆಯಾಗಿ ಜೋತುಬೀಳುತ್ತದೆ. ಮುಂಗಾಜಿರುವ ದೂರದರ್ಶಕಗಳಿಗೆ ಇದರ ಜೊತೆಗೆ 12 ವೋಲ್ಟಿನ ಹೀಟರ್ ಪಟ್ಟಿಯೂ ಬೇಕು. ಅದನ್ನು ಗಾಜು ಮಸುಕಾದ ಮೇಲಲ್ಲ, ಕತ್ತಲಾಗುವಾಗಲೇ ಕಡಿಮೆ ಕಾವಿನಲ್ಲಿ ಹಾಕಿಬಿಡಬೇಕು. ಐಪೀಸುಗಳಲ್ಲಿ ಬಳಸುತ್ತಿರುವುದೊಂದನ್ನು ಬಿಟ್ಟು ಉಳಿದವು ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ಸಾಮಾನು ಇಡುವ ಮೇಜಿನ ಮೇಲೆ ದೊಡ್ಡ ಕೊಡೆಯೊಂದನ್ನು ಬಿಡಿಸಿಟ್ಟರೆ ಅದರ ಕೆಳಗಿನ ನಕ್ಷೆ, ಪುಸ್ತಕ, ಡಬ್ಬಿಗಳು ಬೆಳಗಿನವರೆಗೂ ಒಣಗಿರುತ್ತವೆ. ಹಗಲು ನೋಡಿದವರಿಗೆ ಇದು ತಮಾಷೆಯಾಗಿ ಕಂಡೀತು, ಆದರೆ ಮೇಜಿಗೂ ಆಕಾಶಕ್ಕೂ ನಡುವೆ ಮರೆಯಿದ್ದರೆ ಇಬ್ಬನಿ ಕೂರುವುದಿಲ್ಲ.

ಗಾಜು ಮಸುಕಾಗಿಯೇ ಬಿಟ್ಟರೆ ಬಟ್ಟೆಯಿಂದ ಒರೆಸಲೇಬಾರದು. ಇಬ್ಬನಿಯ ಜೊತೆ ಕೂತ ಧೂಳಿನ ಕಣಗಳು ಗಾಜಿನ ಲೇಪನವನ್ನು ಗೀರುತ್ತವೆ, ಆ ಗೀರು ಹೋಗುವುದಿಲ್ಲ. ಹೇರ್ ಡ್ರೈಯರನ್ನು ಕಡಿಮೆ ಶಾಖಕ್ಕಿಟ್ಟು ಒಂದಡಿ ದೂರದಿಂದ ಆಡಿಸಬಹುದು, ಇಲ್ಲವಾದರೆ ಕೊಳವೆಯನ್ನು ನೆಲದ ಕಡೆಗೆ ಬಗ್ಗಿಸಿ ಕಾಯಬಹುದು. ಇನ್ನು ಮಂಜೇ ಬಂದರೆ ಮಾಡುವುದೇನೂ ಇಲ್ಲ. ದಿಗಂತದ ಬಳಿಯ ನಕ್ಷತ್ರಗಳು ಅಳಿಸಿಹೋಗಿ, ದೂರದ ಮನೆಗಳ ದೀಪಕ್ಕೆ ಬಳೆ ಕಟ್ಟತೊಡಗಿದರೆ ಕಟ್ಟಿಡಲು ಉಳಿದಿರುವುದು ಕಾಲು ಗಂಟೆಯಷ್ಟೇ.

ವಿದ್ಯುತ್ತು, ಬೆಳಕು, ಆನೆ

ಒದ್ದೆ ಕಣದ ಮೇಲೆ ಮನೆಯಿಂದ 230 ವೋಲ್ಟಿನ ವೈರು ಎಳೆಯಬಾರದು; ಹೇರ್ ಡ್ರೈಯರಿಗೂ 12 ವೋಲ್ಟಿನದನ್ನೇ ತರಬೇಕು. ಬ್ಯಾಟರಿಯ ಲೆಕ್ಕ ಸರಳ: ಮೌಂಟು ಸರಾಸರಿ ಒಂದು ಆಂಪಿಯರ್, ಹೀಟರ್ ಇನ್ನೊಂದು ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೆ ಯುಪಿಎಸ್ಸಿನ 7 ಆಂಪಿಯರ್ ಗಂಟೆಯ ಬ್ಯಾಟರಿ ಕಾಗದದ ಮೇಲೆ ಮೂರೂವರೆ ಗಂಟೆ ಬರಬೇಕು, ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ನಂಬಬಹುದಾದದ್ದು ಎರಡು ಗಂಟೆಗೂ ಕಡಿಮೆ. ಇಡೀ ರಾತ್ರಿ ಕೂರುವವರು 20 ಆಂಪಿಯರ್ ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತರುವುದು ಮೇಲು. ಸಾಗಿಸುವಾಗ ಬ್ಯಾಟರಿಯ ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತಿರಬೇಕು, ವೈರಿನಲ್ಲಿ ಫ್ಯೂಸಿರಬೇಕು.

ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು, ಒಂದು ಬಿಳಿ ಟಾರ್ಚು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದವನ್ನು ಎರಡು ಮೂರು ಪದರ ಕಟ್ಟಿಕೊಳ್ಳಬೇಕು. ಅಂಗಳದ ದೀಪ ಆರಿಸಲು ಮನೆಯವರನ್ನು ಕೇಳಿಕೊಳ್ಳಬಹುದು, ಆದರೆ ಅವರು ಬೇಡವೆಂದರೆ ಒತ್ತಾಯಿಸಬಾರದು. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಅಮ್ಮತ್ತಿ ಕಡೆಯ ತೋಟಗಳಲ್ಲಿ ರಾತ್ರಿ ಆನೆಗಳು ಓಡಾಡುವುದು ಮಾಮೂಲು. ಆ ದೀಪ ಉರಿಯುತ್ತಿರುವುದಕ್ಕೆ ಅದೂ ಕಾರಣವಿರಬಹುದು. ಆ ದಿನ ಆನೆ ಎಲ್ಲಿದೆ ಎಂಬುದು ರೈಟರಿಗೂ ಕೆಲಸದವರಿಗೂ ಸಂಜೆಯೊಳಗೆ ಗೊತ್ತಾಗಿರುತ್ತದೆ, ಅವರು ಇವತ್ತು ಹೊರಗೆ ಕೂರಬೇಡಿ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಬೇರೆ ರಾತ್ರಿಗಳಲ್ಲೂ ಮನೆಗೆ ತಾಗಿದ ಕಣವನ್ನಷ್ಟೇ ಬಳಸಬೇಕು, ಕಾರನ್ನು ಕೈಗೆಟಕುವಷ್ಟು ಹತ್ತಿರ ಬೀಗ ಹಾಕದೆ ನಿಲ್ಲಿಸಿರಬೇಕು, ಕೆಂಪು ಟಾರ್ಚಿನ ಜೊತೆ ಒಂದು ಪ್ರಬಲ ಬಿಳಿ ಟಾರ್ಚೂ ಇರಬೇಕು. ಬಿದಿರೋ ಕೊಂಬೆಯೋ ಮುರಿಯುವ ಸದ್ದು ಕೇಳಿದರೆ ದೂರದರ್ಶಕವನ್ನು ಇದ್ದಲ್ಲೇ ಬಿಟ್ಟು ಒಳಗೆ ಹೋಗಬೇಕು.

ಕಟ್ಟುವಾಗ, ಮತ್ತು ಊರಿಗೆ ಮರಳಿದ ಮೇಲೆ

ರಾತ್ರಿ ಕೆಲಸ ಮುಗಿದಾಗ ಗಾಜು ಒಣಗಿದ್ದರೆ ಕಣದಲ್ಲೇ, ಹೊರಗಿನ ತಂಪಿನಲ್ಲೇ, ಮುಚ್ಚಳ ಹಾಕಿ ಚೀಲದ ಜಿಪ್ಪೆಳೆದು ಆಮೇಲೆ ಒಳಗೆ ಒಯ್ಯಬೇಕು; ತೆರೆದ ಗಾಜನ್ನು ಬೆಚ್ಚಗಿನ ಕೋಣೆಗೆ ಒಯ್ದರೆ ಅಲ್ಲಿಯ ತೇವವೆಲ್ಲ ಅದರ ಮೇಲೆ ಇಳಿಯುತ್ತದೆ. ಗಾಜು ಈಗಾಗಲೇ ಒದ್ದೆಯಾಗಿದ್ದರೆ ಮಾತ್ರ ಇದಕ್ಕೆ ವಿರುದ್ಧ: ಮುಚ್ಚಳ ಹಾಕದೆ, ಕೊಳವೆಯ ಬಾಯಿಯನ್ನು ಸ್ವಲ್ಪ ಕೆಳಕ್ಕೆ ಮಾಡಿ, ತಾನಾಗಿ ಒಣಗುವವರೆಗೆ ಒಳಗೆ ಬಿಡಬೇಕು. ಒದ್ದೆ ಗಾಜಿಗೆ ಮುಚ್ಚಳ ಹಾಕಿ ಕಟ್ಟಿ ಊರಿಗೆ ತಂದರೆ ಬೂಷ್ಟಿಗೆ ಬೇಕಾದುದನ್ನೆಲ್ಲ ನಾವೇ ಒದಗಿಸಿದಂತೆ. ಮನೆ ತಲುಪಿದ ದಿನವೇ ಪ್ರತಿಯೊಂದು ಡಬ್ಬಿಯನ್ನೂ ತೆರೆದು, ಫೋಮನ್ನು ಹೊರತೆಗೆದು ಫ್ಯಾನಿನ ಕೆಳಗೆ ಒಣಗಿಸಬೇಕು, ಏಕೆಂದರೆ ಹೊರಗೆ ಒಣಗಿದಂತೆ ಕಾಣುವ ಫೋಮಿನ ಒಳಗೆ ಒಂದು ವಾರ ತೇವ ಉಳಿದಿರುತ್ತದೆ.

ಕೊಡಗಿನಲ್ಲೇ ನೆಲೆಸಿರುವ ಹವ್ಯಾಸಿಗಳ ಕಷ್ಟ ಇನ್ನೂ ದೊಡ್ಡದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಮನೆಯ ಗೋಡೆಯೇ ಬೆವರುತ್ತದೆ. ಐಪೀಸುಗಳನ್ನೂ ಚಿಕ್ಕ ಮಸೂರಗಳನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಚರ್ಮದ ಚೀಲ ಬೂಷ್ಟನ್ನು ಕರೆದು ಕೂರಿಸುವುದರಿಂದ ಬೇಡ. ನೀಲಿ ಜೆಲ್ ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷಕಾರಿ. ಅದಕ್ಕೆ ಅಡುಗೆಯ ಬಾಣಲೆ ಬಳಸದೆ ಬೇರೆಯೇ ಹಳೆಯ ಪಾತ್ರೆ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಗಾಜನ್ನೂ ನೋಡಬೇಕು. ಬಿಳಿ ಎಳೆಗಳು ಕವಲೊಡೆದು ಹರಡಿದಂತೆ ಕಂಡರೆ ಅದು ಬೂಷ್ಟು. ಮಸೂರದ ಒಳಪದರದಲ್ಲಿದ್ದರೆ ತಿಳಿದವರ ಕೈಗೆ ಕೊಡಬೇಕು, ತಾವಾಗಿ ಬಿಚ್ಚಬಾರದು. ಮುಖ್ಯ ದರ್ಪಣದ ಮೇಲಿದ್ದರೆ ಮನೆಯಲ್ಲೇ ತೊಳೆಯಬಹುದು: ದರ್ಪಣ ಮತ್ತು ಅದರ ಚೌಕಟ್ಟಿನ ಅಂಚಿಗೆ ಪೆನ್ನಿನಿಂದ ಗುರುತು ಹಾಕಿ ಹೊರತೆಗೆದು, ಬಕೆಟ್ಟಿನ ತಳಕ್ಕೆ ಟವಲು ಹಾಸಿ, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ನೀರಿನೊಳಗೇ ಶುದ್ಧ ಹತ್ತಿಯನ್ನು ಅದರ ತೂಕದಷ್ಟೇ ಭಾರದಲ್ಲಿ ಒಂದೇ ದಿಕ್ಕಿಗೆ ಎಳೆದು, ಪ್ರತಿ ಎಳೆತಕ್ಕೂ ಹೊಸ ಹತ್ತಿ ತೆಗೆದುಕೊಳ್ಳಬೇಕು. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು, ದರ್ಪಣವನ್ನು ಓರೆಯಾಗಿ ನಿಲ್ಲಿಸಿ, ಅಂಚಿನಲ್ಲಿ ಉಳಿದ ಹನಿಗಳನ್ನು ಟಿಶ್ಯೂ ಕಾಗದದ ತುದಿಗೆ ಹೀರಿಸಿ, ಗುರುತು ನೋಡಿಕೊಂಡು ಮತ್ತೆ ಚೌಕಟ್ಟಿನಲ್ಲಿ ಕೂರಿಸಬೇಕು.